ಬಲ ಅಂಚಿನ ಓಟಗಾರ



ಹಾಕಿ ಆಟಗಾರ ಎಸ್. ವಿ. ಸುನಿಲ್ ಅವರ ಹೆಸರಿನ ಮುಂದಿರುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ. ಕೊಡಗಿನ ಸೋಮವಾರಪೇಟೆಯ ವಿಠಲಾಚಾರ್ಯರ ಮಗ ಸುನಿಲ್. ತಂದೆ ಬಡಗಿ ಕೆಲಸ ಮಾಡುತ್ತಿದ್ದರು. ತಾಯಿ ತೀರಿಕೊಂಡಾಗ ಹುಡುಗನಿಗೆ ನಾಲ್ಕು ವರ್ಷ. ಹಾಕಿ ಸ್ಟಿಕ್ ಕೊಳ್ಳುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ, ಬಿದಿರಿನ ಕೋಲಿನಲ್ಲೇ ಆಟ ಶುರುವಾಯಿತು. ಆ ಹುಡುಗ 2007ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಪರ ಕಣಕ್ಕಿಳಿದ. 2021ರ ಅಕ್ಟೋಬರ್ 1ರಂದು ನಿವೃತ್ತಿ ಘೋಷಿಸುವ ಹೊತ್ತಿಗೆ ಸುನಿಲ್ 264 ಅಂತರರಾಷ್ಟ್ರೀಯ ಪಂದ್ಯ ಆಡಿ 72 ಗೋಲು ಹೊಡೆದಿದ್ದರು. ಒಲಿಂಪಿಕ್ಸ್ ಎರಡು ಸಲ, ಏಷ್ಯಾಡ್ ಚಿನ್ನ, ಅರ್ಜುನ ಪ್ರಶಸ್ತಿ, ಏಷ್ಯಾದ ವರ್ಷದ ಆಟಗಾರ ಎಂಬ ಗೌರವ, ಎಲ್ಲವೂ ಆ ಹದಿನಾಲ್ಕು ವರ್ಷಗಳ ಒಳಗೇ ಬಂದವು.

264 ಪಂದ್ಯಕ್ಕೆ 72 ಗೋಲು ಎಂದರೆ ಸುಮಾರು ನಾಲ್ಕು ಪಂದ್ಯಕ್ಕೆ ಒಂದು. ಫಾರ್ವರ್ಡ್ ಆಟಗಾರನಿಗೆ ಇದು ಕಡಿಮೆಯಾಯಿತಲ್ಲ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದೇ ಈ ಮಾತಿಗೆ ಕುಳಿತುಕೊಳ್ಳಲು ಕಾರಣ. ಫಾರ್ವರ್ಡ್ ಎಂದರೆ ಗೋಲು ಹೊಡೆಯುವವನು ಎಂದು ನಾವು ತಿಳಿದಿದ್ದೇವೆ. ಆದರೆ ಅವನ ದುಡಿಮೆಯ ಬಹುಪಾಲು ಗೋಲಿನ ಪಟ್ಟಿಯಲ್ಲಿ ಬರುವುದೇ ಇಲ್ಲ.

ಬೆಂಗಳೂರಿನ ಸಾಯ್ ಕೇಂದ್ರದಲ್ಲಾಗಲಿ ನಮ್ಮ ಕೂಡಿಗೆಯ ಕ್ರೀಡಾ ಶಾಲೆಯಲ್ಲಾಗಲಿ ಟರ್ಫ್ ಮೈದಾನದ ಬೇಲಿಗೆ ಒರಗಿ ನಿಂತು ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಮೊದಲು ಮೈದಾನಕ್ಕೆ ನೀರು ಹಾಯಿಸುತ್ತಾರೆ. ಹಸಿರು ಹಾಸು ಹೊಳೆಯುತ್ತದೆ. ಚೆಂಡು ಉರುಳಿದ ದಾರಿಯಲ್ಲೆಲ್ಲ ನೀರು ಸಣ್ಣಗೆ ಎದ್ದು ಬೀಳುತ್ತದೆ. ಹಿಂದಿನಿಂದ ಡಿಫೆಂಡರ್ ಒಬ್ಬ ಚೆಂಡನ್ನು ಬಲ ಅಂಚಿಗೆ ತಳ್ಳುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಹಾಗೆಂದು ಅದು ತಪ್ಪು ಪಾಸ್ ಅಲ್ಲ. ಚೆಂಡು ಹೊರಡುವ ಮೊದಲೇ ಫಾರ್ವರ್ಡ್ ಓಟ ಶುರುಮಾಡಿರುತ್ತಾನೆ. ಚೆಂಡೂ ಅವನೂ ಅಂಚುಗೆರೆಯ ಹತ್ತಿರ ಒಂದೇ ಕ್ಷಣಕ್ಕೆ ಬಂದು ಸೇರುತ್ತಾರೆ. ಅಲ್ಲಿಂದ ಮುಂದೆ ಇಪ್ಪತ್ತು, ಮೂವತ್ತು ಮೀಟರ್ ಉಸಿರು ಬಿಡದೆ ಓಟ. ಹತ್ತು ಸಲ ಹೀಗೆ ಓಡಿದರೆ ಆರು ಸಲ ಚೆಂಡು ಬರುವುದೇ ಇಲ್ಲ, ಬೇರೆ ಕಡೆ ಹೋಗುತ್ತದೆ. ಆ ಆರು ಓಟಗಳೂ ವ್ಯರ್ಥವಲ್ಲ. ಅವನನ್ನು ಕಾಯಲೆಂದು ಒಬ್ಬ ಡಿಫೆಂಡರ್ ಅಂಚಿಗೆ ಸರಿದಿರುತ್ತಾನೆ, ನಡುವಿನಲ್ಲಿ ಜಾಗ ತೆರೆದಿರುತ್ತದೆ, ಇನ್ನೊಬ್ಬ ಆಟಗಾರ ಅಲ್ಲಿ ನುಗ್ಗಿರುತ್ತಾನೆ. ಮರುದಿನ ಪತ್ರಿಕೆಯಲ್ಲಿ ಬರುವುದು ಆ ಇನ್ನೊಬ್ಬನ ಹೆಸರು.

ಸುನಿಲ್ ಹೆಚ್ಚಾಗಿ ಆಡಿದ್ದು ಬಲಬದಿಯಲ್ಲಿ. ಹಾಕಿಯಲ್ಲಿ ಬಲ ಅಂಚಿಗೆ ಅದರದೇ ಲೆಕ್ಕಾಚಾರವಿದೆ. ಸ್ಟಿಕ್‌ನ ಚಪ್ಪಟೆ ಮೈ ಎಡಗಡೆ ಇರುತ್ತದೆ, ಚೆಂಡನ್ನು ಆ ಮೈಯಲ್ಲೇ ಆಡಬೇಕು. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಬಲ ಅಂಚಿನಲ್ಲಿ ಓಡುವವನು ಚೆಂಡನ್ನು ತನ್ನ ಬಲಗಾಲಿನಾಚೆ, ಗೆರೆಯ ಪಕ್ಕಕ್ಕೆ ಇಟ್ಟುಕೊಂಡು ಓಡುತ್ತಾನೆ. ಎದುರು ನಿಂತ ಡಿಫೆಂಡರ್‌ಗೆ ಅದು ಎಡಬದಿ. ಅವನು ಸ್ಟಿಕ್ ತಿರುಗಿಸಿ, ಉಲ್ಟಾ ಹಿಡಿದು, ಒಂದು ಕೈ ಚಾಚಿ ಚೆಂಡು ಕಸಿಯಬೇಕು. ಅಷ್ಟರೊಳಗೆ ವೇಗವಿರುವವನು ದಾಟಿಹೋಗಿರುತ್ತಾನೆ. ಮೈಯನ್ನು ಅಡ್ಡ ಹಿಡಿದು ಚೆಂಡು ಉಳಿಸಿಕೊಳ್ಳೋಣವೆಂದರೆ ಹಾಕಿಯಲ್ಲಿ ಅದು ಫೌಲ್. ನಿಲ್ಲುವಂತಿಲ್ಲ, ಓಡುತ್ತಲೇ ಇರಬೇಕು. ಸುನಿಲ್ ಅವರ ಬಂಡವಾಳವೇ ಆ ವೇಗ. ಬಲಗೈಯೊಂದರಲ್ಲೇ ಸ್ಟಿಕ್ ಹಿಡಿದು, ಚೆಂಡನ್ನು ಎರಡು ಗಜ ಮುಂದೆ ತಳ್ಳಿ, ಅದರ ಹಿಂದೆ ಬಿದ್ದು ಓಡುವಾಗ ಅವರ ಜೊತೆ ಓಡಬಲ್ಲ ಡಿಫೆಂಡರ್‌ಗಳು ಜಗತ್ತಿನಲ್ಲಿ ಬಹಳ ಇರಲಿಲ್ಲ.

ಬೇಸ್‌ಲೈನ್ ಮುಟ್ಟಿದ ಮೇಲೆ ಏನು ಮಾಡಬೇಕು? ಗೋಲಿನ ಅಗಲ 3.66 ಮೀಟರ್. ಬೇಸ್‌ಲೈನಿನ ಪಕ್ಕದಿಂದ ನೋಡಿದರೆ ಅದು ಕಂಬದ ದಪ್ಪಕ್ಕಿಂತ ಹೆಚ್ಚು ಕಾಣುವುದಿಲ್ಲ. ಅಲ್ಲಿಂದ ಹೊಡೆದು ಗೋಲು ಮಾಡುವುದು ಅಪರೂಪ. ಬಲ್ಲ ಫಾರ್ವರ್ಡ್ ಚೆಂಡನ್ನು ಹಿಂದಕ್ಕೆ, ಡಿ ವೃತ್ತದ ಮಧ್ಯಕ್ಕೆ ಕೊಡುತ್ತಾನೆ. ಅಲ್ಲಿ ಓಡಿ ಬರುತ್ತಿರುವವನು ಸ್ಟಿಕ್ ತಾಗಿಸಿದರೆ ಸಾಕು. ಚೆಂಡು ಅವನನ್ನು ಮುಟ್ಟದೆ ಡಿಫೆಂಡರ್ ಒಬ್ಬನ ಕಾಲಿಗೆ ಬಡಿದರೂ ನಷ್ಟವಿಲ್ಲ, ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಆಗ ಹಿಂದಿನಿಂದ ಡ್ರ್ಯಾಗ್ ಫ್ಲಿಕ್ ಪರಿಣತ ನಡೆದು ಬರುತ್ತಾನೆ.

ನಮ್ಮ ಜಿಲ್ಲೆಯವರೇ ಆದ ವಿ. ಆರ್. ರಘುನಾಥ್ ಅಂಥ ಪರಿಣತರು. ಡಿಫೆಂಡರ್ ಆಗಿದ್ದುಕೊಂಡೇ ಭಾರತಕ್ಕೆ ನೂರಕ್ಕೂ ಹೆಚ್ಚು ಗೋಲು ಹೊಡೆದರು. ಅವರ ಭುಜದ ಬಲಕ್ಕೂ ಸೊಂಟದ ತಿರುವಿಗೂ ನನ್ನ ಗೌರವ ಪೂರ್ತಿ ಇದೆ. ಆದರೆ ಹಿಂದೆ ನಿಲ್ಲುವವನ ಗೋಲು ಮುಂದೆ ಓಡುವವನ ಗೋಲಿಗಿಂತ ಹೆಚ್ಚಾಗಿರುವುದು ಯಾಕೆ ಎಂದು ಕೇಳಿಕೊಂಡರೆ 72ರ ಅರ್ಥ ಬಿಡಿಸಿಕೊಳ್ಳುತ್ತದೆ. ಪೆನಾಲ್ಟಿ ಕಾರ್ನರ್ ತಾನಾಗಿ ಬರುವುದಿಲ್ಲ. ಯಾರೋ ಒಬ್ಬ ಅಂಚಿನಲ್ಲಿ ಓಡಿ, ಡಿಯೊಳಗೆ ನುಗ್ಗಿ, ಕಾಲ ಗಂಟಿಗೆ ಸ್ಟಿಕ್ ಏಟು ತಿಂದು ಅದನ್ನು ದುಡಿದಿರುತ್ತಾನೆ. ನನ್ನ ಲೆಕ್ಕದಲ್ಲಿ ಆ ಗೋಲುಗಳಲ್ಲಿ ಅರ್ಧ ಪಾಲು ಓಡಿದವನದು.

ಹಾಕಿಯನ್ನು ಕೊಡಗಿನ ರಕ್ತದಲ್ಲಿರುವ ಆಟ ಎಂದು ಹೇಳುವುದು ರೂಢಿ. ಹಾಗೆ ಹೇಳುವವರಿಗೆ ಆಧಾರವೂ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರುವತ್ತು ಕುಟುಂಬಗಳನ್ನು ಕೂಡಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ನಮ್ಮೆ 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಕ್ಕೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಮರುವರ್ಷ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396 ಕುಟುಂಬಗಳು ಬಂದವು. ಕಾಫಿ ಕುಯ್ಲು ಮುಗಿದು, ಹೂಮಳೆ ಬಂದು, ಮುಂಗಾರಿಗೆ ಇನ್ನೂ ಬಿಡುವಿರುವಾಗ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಬೇರೆಲ್ಲೂ ಇಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೇ. ಆದರೂ ಸುನಿಲ್ ಅವರ ಕಥೆ ಆ ಹಬ್ಬದ ಕಥೆಯೊಳಗೆ ಸೇರುವುದಿಲ್ಲ. ಅವರದು ಒಕ್ಕದ, ಎಂದರೆ ಕೊಡವ ಕುಲದ, ಹೆಸರಿರುವ ಮನೆಯಲ್ಲ, ಹಿರಿಯರ ಕಾಲದ ಐನ್‌ಮನೆ ಇಲ್ಲ, ಸೇನೆಯ ಮೇಜರ್ ದೊಡ್ಡಪ್ಪ ಇಲ್ಲ. ಬಡಗಿಯ ಮನೆ. ಅಣ್ಣ ಚಿನ್ನದ ಕೆಲಸದವರು. ಕೊಡಗಿನ ಹಾಕಿ ಎಂದಾಗ ಈ ಮನೆಯೂ ನಮ್ಮ ಕಣ್ಣೆದುರು ಬರಬೇಕು. ಬಂದರೆ ರಕ್ತದ ಮಾತು ಸ್ವಲ್ಪ ಹಿಂದೆ ಸರಿದು ಕಲಿಕೆಯ ಮಾತು ಮುಂದೆ ಬರುತ್ತದೆ.

ಬಿದಿರಿನ ಕೋಲು ಎಂದೆ. ನಮ್ಮ ಕಡೆಯ ಹಳ್ಳಿ ಹುಡುಗರಿಗೆ ಅದು ಗೊತ್ತಿರುವ ವಸ್ತುವೇ. ಮೆಳೆಯ ಬುಡದಲ್ಲಿ, ಬೇರಿನ ಹತ್ತಿರ ಬಾಗಿರುವ ಕಡೆ ನೋಡಿ ಕಡಿಯಬೇಕು. ಗೆಣ್ಣು ಕೆತ್ತಿ, ಬಾಗು ಸಾಲದಿದ್ದರೆ ಬೆಂಕಿಗೆ ಹಿಡಿದು ಬಗ್ಗಿಸಿ, ಹಿಡಿಗೆ ಹಳೆ ಬಟ್ಟೆಯೋ ಸೈಕಲ್ ಟ್ಯೂಬೋ ಸುತ್ತಬೇಕು. ಕಾಫಿ ಗಿಡದ ಬಾಗಿದ ಕೊಂಬೆಯಲ್ಲಿ ಮಾಡಿಕೊಂಡವರೂ ಇದ್ದಾರೆ. ಇಂಥ ಕೋಲಿನಲ್ಲಿ ಚೆಂಡು ಹೇಳಿದ ಕಡೆ ಹೋಗುವುದಿಲ್ಲ, ಗುಂಡನೆಯ ಮೈಗೆ ತಾಗಿ ಜಾರುತ್ತದೆ. ಮೈದಾನವೂ ಸಪಾಟಾಗಿರುವುದಿಲ್ಲ. ಪುಷ್ಪಗಿರಿಯ ಮಗ್ಗುಲಿಗಿರುವ ಸೋಮವಾರಪೇಟೆ ಸೀಮೆಯಲ್ಲಿ ಜೂನ್ ಬಂತೆಂದರೆ ನೆಲ ತಿಂಗಳುಗಟ್ಟಲೆ ಒದ್ದೆ. ಅಲ್ಲಿ ಆಡಿ ಬೆಳೆದ ಹುಡುಗನಿಗೆ ಚೆಂಡನ್ನು ಕಾಲ ಬಳಿ ಇಟ್ಟುಕೊಂಡು ಸೊಗಸು ಮಾಡುವ ಅಭ್ಯಾಸ ಆಗುವುದಿಲ್ಲ. ಮುಂದಕ್ಕೆ ತಳ್ಳಿ ಅದರ ಹಿಂದೆ ಓಡುವುದೇ ಸುಲಭದ ದಾರಿ. ಸುನಿಲ್ ಅವರ ಆಟದ ಗುಟ್ಟು ಅಲ್ಲೇ ಇದೆ ಎಂದು ನನಗೆ ತೋರುತ್ತದೆ.

ಸೋಮವಾರಪೇಟೆಯಿಂದ ಭಾರತದ ಮುಂಪಡೆಗೆ ಹೋದವರಲ್ಲಿ ಅವರು ಮೊದಲಿಗರಲ್ಲ. ಅರ್ಜುನ್ ಹಾಲಪ್ಪ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಿದ್ದರು. ಅವರಿಗೂ ಒಂದು ತಲೆಮಾರು ಮೊದಲು ಬಿ. ಪಿ. ಗೋವಿಂದ. ಅವರ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು.

ಗೋವಿಂದ ಅವರು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ವಿಶ್ವಕಪ್. ನಾಯಕ ನಮ್ಮ ಕೊಡಗಿನವರೇ, ಎಂ. ಪಿ. ಗಣೇಶ್. ಫೈನಲ್‌ನಲ್ಲಿ ಆತಿಥೇಯರ ಎದುರು 2-2 ಸಮ. ಹೆಚ್ಚುವರಿ ವೇಳೆಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆದಿದ್ದರೆ ಅಲ್ಲಿಗೆ ವಿಶ್ವಕಪ್ ನಮ್ಮದು. ಹೊಡೆಯಲು ಹೋದವರು ಗೋವಿಂದ, ಗೋಲಾಗಲಿಲ್ಲ. ಕಡೆಗೆ ಟೈಬ್ರೇಕರ್‌ನಲ್ಲಿ ಹಾಲೆಂಡ್ ಗೆದ್ದಿತು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬನಿಗೆ ಇದಕ್ಕಿಂತ ದೊಡ್ಡ ಹೊರೆ ಇರಲಾರದು. ಆದರೆ ಗೋವಿಂದ ಅಲ್ಲಿಗೆ ಮುಗಿಯಲಿಲ್ಲ. ಎರಡೇ ವರ್ಷದಲ್ಲಿ, 1975ರ ಮಾರ್ಚ್ 15ರಂದು, ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಎತ್ತಿದ ತಂಡದ ಮುಂಪಡೆಯಲ್ಲಿ ಅವರಿದ್ದರು. ಆ ಫೈನಲ್ ನಮ್ಮ ದೇಶದ ಮನೆಮನೆಗೆ ತಲುಪಿದ್ದು ಆಕಾಶವಾಣಿಯ ಮೂಲಕ, ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆಯಲ್ಲಿ. ಭಾರತದ ಪುರುಷರ ತಂಡ ಗೆದ್ದಿರುವ ವಿಶ್ವಕಪ್ ಇವತ್ತಿಗೂ ಅದೊಂದೇ.

ಗೋವಿಂದ ಅವರ ಕಾಲದ ಹಾಕಿಗೂ ಸುನಿಲ್ ಅವರ ಕಾಲದ ಹಾಕಿಗೂ ಹೆಸರು ಒಂದೇ, ಕೆಲಸ ಬೇರೆ. ಗೋವಿಂದ ಅವರದು ಹುಲ್ಲಿನ ಆಟ, 35 ನಿಮಿಷದ ಎರಡು ಅವಧಿ, ಈಗಿನ ಹಾಗೆ ಬೇಕೆಂದಾಗ ಹೊರಗೆ ಬಂದು ಮತ್ತೆ ಒಳಗೆ ಹೋಗುವ ಅನುಕೂಲವಿರಲಿಲ್ಲ. ಆಫ್‌ಸೈಡ್ ನಿಯಮ ಇತ್ತು, ಫಾರ್ವರ್ಡ್ ತನ್ನ ಓಟವನ್ನು ಡಿಫೆಂಡರ್‌ನ ಹೆಜ್ಜೆ ನೋಡಿಕೊಂಡೇ ಅಳೆಯಬೇಕಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೃತಕ ಹಾಸು ಬಂತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಗೋವಿಂದ ಅವರೂ ಆ ತಂಡದಲ್ಲಿದ್ದರು. 1998ರಲ್ಲಿ ಆಫ್‌ಸೈಡ್ ತೆಗೆದುಹಾಕಿದರು. 2014ರಿಂದ ಹದಿನೈದು ನಿಮಿಷದ ನಾಲ್ಕು ಅವಧಿ ಬಂದವು. ಈಗ ಫಾರ್ವರ್ಡ್ ಐದಾರು ನಿಮಿಷ ಜೀವ ಹೋಗುವಂತೆ ಓಡಿ, ಹೊರಗೆ ಬಂದು ಬೆಂಚಿನಲ್ಲಿ ಕೂತು ಉಸಿರು ಹಿಡಿದು, ಮತ್ತೆ ಇಳಿಯುತ್ತಾನೆ. ಬೆನ್ನಿಗೆ ಕಟ್ಟಿದ ಜಿಪಿಎಸ್ ಅವನ ಪ್ರತಿ ಓಟವನ್ನೂ ಬರೆದಿಡುತ್ತದೆ. ನಿಧಾನವಾದರೆ ತರಬೇತುದಾರನಿಗೆ ಸಂಜೆಯೊಳಗೆ ಗೊತ್ತು.

ತರಬೇತುದಾರರಂತೂ ಎಷ್ಟು ಜನ! ಸುನಿಲ್ ತಂಡದಲ್ಲಿದ್ದ ಕಾಲದಲ್ಲಿ ಮೈಕೆಲ್ ನಾಬ್ಸ್, ಟೆರ್ರಿ ವಾಲ್ಷ್, ಪಾಲ್ ವ್ಯಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೂರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್ ಬಂದರು. ಆಸ್ಟ್ರೇಲಿಯಾದವರದು ಒಂದು ಪದ್ಧತಿ, ಡಚ್ಚರದು ಇನ್ನೊಂದು. ಒಬ್ಬರು ಬಂದು ಮುಂದೆ ನಿಂತು ಒತ್ತಡ ಹಾಕು ಎಂದರೆ, ಇನ್ನೊಬ್ಬರು ಹಿಂದೆ ಸರಿದು ಕಾಯಿ ಎನ್ನುತ್ತಾರೆ. ಪ್ರತಿ ಹೊಸಬರ ಕಣ್ಣಿಗೂ ಮತ್ತೆ ಮೊದಲಿನಿಂದ ಬೀಳಬೇಕು. ಏಳು ಜನರ ಕೈಯಲ್ಲೂ ಜಾಗ ಉಳಿಸಿಕೊಂಡವನ ಬಗ್ಗೆ ಗೋಲಿನ ಪಟ್ಟಿ ಏನು ಹೇಳೀತು?

ಈ ಓಟಕ್ಕೆಲ್ಲ ಸಂಬಳ ಯಾರು ಕೊಡುತ್ತಾರೆ ಎಂಬುದನ್ನೂ ಹೇಳಬೇಕು. ಆಟ ವೃತ್ತಿಯಾಗುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನಿಂದ ಒಂದು ನಿದರ್ಶನ ತರುತ್ತೇನೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ರಗ್ಬಿ ಕ್ಲಬ್‌ಗಳು ಸಭೆ ಸೇರಿದವು. ಅವುಗಳ ಆಟಗಾರರಲ್ಲಿ ಬಹಳಷ್ಟು ಜನ ಗಿರಣಿ, ಕಲ್ಲಿದ್ದಲು ಗಣಿಗಳ ಕೂಲಿಗಳು. ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನು ಕಟ್ಟಿಕೊಡಿ ಎಂದರೆ, ಹಣ ಮುಟ್ಟಿದರೆ ಆಟದ ಘನತೆ ಹಾಳಾಗುತ್ತದೆ ಎಂದು ಮೇಲಿನವರು ಒಪ್ಪಲಿಲ್ಲ. ಆ ಕ್ಲಬ್‌ಗಳು ಬೇರೆಯಾದವು. ಇಂದು ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ವೃತ್ತಿಪರವಾಗಿ ನಡೆಯುವ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ. ಹದಿಮೂರು ಜನರ ಆ ತಂಡದಲ್ಲಿ ಆರು ಜನ ಫಾರ್ವರ್ಡ್‌ಗಳು, ಮೈಯಿಂದ ಮೈಯನ್ನು ಗುದ್ದಿ ದಾರಿ ಬಿಡಿಸುವವರು. ಅವರ ಸಂಬಳ ಕ್ಲಬ್ಬಿನಿಂದ ಬರುತ್ತದೆ.

ನಮ್ಮಲ್ಲಿ ಅದೇ ಪ್ರಶ್ನೆಗೆ ಬೇರೆ ಉತ್ತರ ಸಿಕ್ಕಿತು. ಭಾರತದ ಹಾಕಿ ಆಟಗಾರನನ್ನು ಸಾಕಿದ್ದು ಕ್ಲಬ್ ಅಲ್ಲ, ಕಚೇರಿ. ಸೇನೆ, ರೈಲ್ವೆ, ಪೊಲೀಸ್, ಬ್ಯಾಂಕು, ವಿಮಾನ ಸಂಸ್ಥೆ, ತೈಲ ಕಂಪನಿ. ಎಂ. ಪಿ. ಗಣೇಶ್ ಸೇನೆಯಿಂದ ಬಂದವರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ನಮ್ಮ ಎಂ. ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ದುಡಿದವರು. ರಘುನಾಥ್ ಇಂಡಿಯನ್ ಆಯಿಲ್‌ನವರು. ಕ್ರೀಡಾ ಕೋಟಾದ ಆದೇಶ ಕೈಗೆ ಬಂದ ದಿನ ಆಟಗಾರನ ಮನೆಯಲ್ಲಿ ನಡೆಯುವ ಸಂಭ್ರಮವನ್ನು ಕೊಡಗಿನಲ್ಲಿ ಬಲ್ಲವರು ಬಹಳ ಜನ. ಅದಾದ ಮೇಲೆ ಮಗ ಆಡುತ್ತಾನೋ ಗಾಯವಾಗಿ ಕೂರುತ್ತಾನೋ, ತಿಂಗಳ ಕೊನೆಗೆ ಸಂಬಳವಂತೂ ಬರುತ್ತದೆ. ತೋಟ ಇದ್ದವರ ಮಗ ಆಟದಲ್ಲಿ ಸೋತರೆ ತೋಟಕ್ಕೆ ಮರಳಬಹುದು. ಬಡಗಿಯ ಮಗನಿಗೆ ಆ ದಾರಿ ಇಲ್ಲ. ಮಡಿಕೇರಿಯ ಸಾಯ್ ಹಾಸ್ಟೆಲ್, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ, ಕೂಡಿಗೆಯ ಶಾಲೆ, ಇವುಗಳ ಬೆಲೆ ಅಲ್ಲಿರುವುದು. ಊಟ, ಶೂ, ಸ್ಟಿಕ್ ಸರ್ಕಾರದ್ದು. ಪದಕ ಗೆದ್ದವರ ಹೆಸರಿನ ಹಿಂದೆ ಆ ಊಟದ ಮನೆಗಳ ಅಡುಗೆಯವರೂ ಇದ್ದಾರೆ ಎಂದು ನಾನು ನಂಬುತ್ತೇನೆ.

2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು. ಮೊದಲ ಹರಾಜಿನಲ್ಲಿ ಉತ್ತರ ಪ್ರದೇಶ ವಿಜಾರ್ಡ್ಸ್ ತಂಡ ರಘುನಾಥ್ ಅವರಿಗೆ 76,000 ಡಾಲರ್ ಕೊಟ್ಟಿತು. ಸುನಿಲ್ ಪಂಜಾಬ್ ವಾರಿಯರ್ಸ್ ಸೇರಿದರು. ಆ ತಂಡ 2014ರಲ್ಲಿ ಫೈನಲ್ ಸೋತಿತು, 2015ರಲ್ಲಿ ಮತ್ತೆ ಸೋತಿತು, 2016ರಲ್ಲಿ ರಾಂಚಿಯಲ್ಲಿ ಕಳಿಂಗ ಲ್ಯಾನ್ಸರ್ಸ್ ತಂಡವನ್ನು 6-1ರಿಂದ ಸೋಲಿಸಿ ಗೆದ್ದಿತು. ವಿದೇಶದ ದೊಡ್ಡ ಆಟಗಾರರ ಜೊತೆ ಒಂದೇ ಕೋಣೆಯಲ್ಲಿ ಕೂತು ಆಡಿದ್ದರಿಂದ ನಮ್ಮವರ ಹೆದರಿಕೆ ಬಿಟ್ಟುಹೋಯಿತು. ಅದು ಹಣಕ್ಕಿಂತ ದೊಡ್ಡ ಲಾಭ. ಆದರೆ 2017ರ ನಂತರ ಲೀಗ್ ನಿಂತೇಹೋಯಿತು, ಮತ್ತೆ ಶುರುವಾದದ್ದು 2024ರ ಕೊನೆಗೆ. ಕ್ಲಬ್ಬಿನ ಹಣ ನಂಬಿಕೊಂಡು ಆ ಏಳು ವರ್ಷ ಯಾರೂ ಬದುಕುವಂತಿರಲಿಲ್ಲ. ಕಚೇರಿಯ ಸಂಬಳವೇ ಕೈಹಿಡಿದದ್ದು.

ಈಗ ಸುನಿಲ್ ಅವರ ಆಟದ ವರ್ಷಗಳಿಗೆ ಬರೋಣ. ಶುರುವಾದದ್ದು ಗೆಲುವಿನಲ್ಲೇ. ಚೆನ್ನೈಯ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿತು. ಆರೇ ತಿಂಗಳಲ್ಲಿ, 2008ರ ಮಾರ್ಚ್‌ನಲ್ಲಿ, ಚಿಲಿಯ ಸ್ಯಾಂಟಿಯಾಗೊದಲ್ಲಿ ಭಾರತ ಬ್ರಿಟನ್ನಿಗೆ ಸೋತು, 1928ರಿಂದ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಕಳೆದುಕೊಂಡಿತು. ದೇಶ ಹಾಕಿಯ ಮೇಲೆ ಸಿಟ್ಟಾಗಿದ್ದ ಕಾಲದಲ್ಲಿ ಈ ಹುಡುಗರು ಬೆಳೆಯಬೇಕಾಯಿತು. 2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್ ನಡೆಯುತ್ತಿರುವಾಗ ಸುನಿಲ್ ಅವರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೊರಡಬಹುದಿತ್ತು. ಅವರು ತಂಡದ ಜೊತೆ ಉಳಿದು ಆಡಿದರು. ಭಾರತ ಆ ಕಪ್ ಗೆದ್ದಿತು. ಇದರ ಬಗ್ಗೆ ನಾನು ಹೆಚ್ಚು ಬಣ್ಣಿಸಲಾರೆ. ಇಪ್ಪತ್ತು ತುಂಬದ ಮಗ, ತಾಯಿಯೂ ಇಲ್ಲದವನು, ಪರದೇಶದ ಹೋಟೆಲ್ ಕೋಣೆಯಲ್ಲಿ ಮಾಡಿದ ನಿರ್ಧಾರ ಅದು.

2012ರ ಲಂಡನ್ ಒಲಿಂಪಿಕ್ಸ್ ಅವರಿಗೆ ಮೊದಲನೆಯದು. ಭಾರತ ಒಂದು ಪಂದ್ಯವನ್ನೂ ಗೆಲ್ಲದೆ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ಕೊಡಗಿನವರಾದ ರಘುನಾಥ್, ಎಸ್. ಕೆ. ಉತ್ತಪ್ಪ ಕೂಡ ಆ ತಂಡದಲ್ಲಿದ್ದರು. ಅಲ್ಲಿಂದ ಮೇಲೆದ್ದದ್ದು ಎರಡು ವರ್ಷದಲ್ಲಿ. 2014ರ ಇಂಚಿಯಾನ್ ಏಷ್ಯಾಡ್‌ನ ಫೈನಲ್‌ನಲ್ಲಿ ಪಾಕಿಸ್ತಾನದೆದುರು 1-1 ಸಮವಾಗಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಹದಿನಾರು ವರ್ಷದ ನಂತರ ಏಷ್ಯಾಡ್ ಚಿನ್ನ. ಅದರಿಂದಲೇ ರಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ. 2016ರಲ್ಲಿ ಲಂಡನ್ನಿನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಮೊದಲ ಬಾರಿಗೆ ಫೈನಲ್ ತಲುಪಿ, ಆಸ್ಟ್ರೇಲಿಯಾಕ್ಕೆ ಶೂಟೌಟ್‌ನಲ್ಲಿ ಸೋತು ಬೆಳ್ಳಿ ಪಡೆಯಿತು. ಏಷ್ಯಾದ ಹಾಕಿ ಒಕ್ಕೂಟ ಆ ವರ್ಷದ ಆಟಗಾರನೆಂದು ಆರಿಸಿದ್ದು ಸುನಿಲ್ ಅವರನ್ನು. ರಿಯೊಗೆ ಹೋದ ತಂಡದಲ್ಲಿ ಕೊಡಗಿನ ನಾಲ್ವರಿದ್ದರು: ಸುನಿಲ್, ರಘುನಾಥ್, ಉತ್ತಪ್ಪ, ನಿಕಿನ್ ತಿಮ್ಮಯ್ಯ. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ ಸೋತು ಎಂಟನೆಯ ಸ್ಥಾನ. ಮರುವರ್ಷ ಸುನಿಲ್ ಅವರಿಗೆ ಅರ್ಜುನ ಪ್ರಶಸ್ತಿ, ಢಾಕಾದಲ್ಲಿ ಏಷ್ಯಾ ಕಪ್ ಗೆಲುವು, ಅಲ್ಲಿ ಉಪನಾಯಕನ ಹೊಣೆ.

ವೇಗವನ್ನೇ ನಂಬಿದವನ ವೃತ್ತಿಗೆ ಮೊಣಕಾಲು ಎಂಬುದು ತೊಲೆ. 2018ರ ಕೊನೆಗೆ ಭುವನೇಶ್ವರದಲ್ಲಿ ವಿಶ್ವಕಪ್. ತವರಿನ ಪ್ರೇಕ್ಷಕರೆದುರು, ಇಪ್ಪತ್ತೊಂಬತ್ತರ ಪ್ರಾಯದಲ್ಲಿ, ಅನುಭವ ತುಂಬಿದ ಫಾರ್ವರ್ಡ್‌ಗೆ ಅದು ಸರಿಯಾದ ಕಾಲ. ಶಿಬಿರದಲ್ಲಿ ಮೊಣಕಾಲಿಗೆ ಪೆಟ್ಟಾಗಿ ತಂಡದಿಂದ ಹೊರಬಿದ್ದರು. ಡಿಫೆಂಡರ್ ಆದವನು ಮೂವತ್ತರ ಮೇಲೆ ವೇಗ ಕಳೆದುಕೊಂಡರೆ ಜಾಗ ಹಿಡಿದು ನಿಲ್ಲುವ ಜಾಣ್ಮೆಯಿಂದ ಇನ್ನಷ್ಟು ವರ್ಷ ಆಡಬಹುದು. ಅಂಚಿನಲ್ಲಿ ಓಡುವವನಿಗೆ ಆ ವಿನಾಯಿತಿ ಇಲ್ಲ. ಅವನ ಎದುರು ನಿಂತವನಿಗೆ ಇಪ್ಪತ್ತೆರಡು ವರ್ಷ, ಪಕ್ಕದಲ್ಲಿ ಜಾಗಕ್ಕೆ ಕಾಯುತ್ತಿರುವವನಿಗೆ ಇಪ್ಪತ್ತು.

ಆದರೂ ಮರಳಿದರು. 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲೇ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಪಂದ್ಯಗಳು, ಎದುರಾಳಿ ರಷ್ಯಾ. ಮೊದಲ ಪಂದ್ಯ 4-2, ಎರಡನೆಯದು 7-1. ಮೊದಲ ಪಂದ್ಯದ ನಾಲ್ಕು ಗೋಲುಗಳಲ್ಲಿ ಒಂದು ಸುನಿಲ್ ಅವರದು. ಟೋಕಿಯೊ ಟಿಕೆಟ್ ಸಿಕ್ಕಿತು. ಆಮೇಲೆ ಕೋವಿಡ್ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. 2021ರಲ್ಲಿ ಹದಿನಾರು ಜನರ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಕೊಡಗಿನ ಯಾರ ಹೆಸರೂ ಇರಲಿಲ್ಲ. ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, ನಲವತ್ತೊಂದು ವರ್ಷದ ನಂತರ ಒಲಿಂಪಿಕ್ ಪದಕ ಗೆದ್ದಿತು. ಆ ದಿನ ನಮ್ಮ ಜಿಲ್ಲೆಯಲ್ಲೂ ಪಟಾಕಿ ಹೊಡೆದರು. ಆ ಕಂಚಿನಲ್ಲಿ ಹಿಂದಿನ ಹನ್ನೆರಡು, ಹದಿಮೂರು ವರ್ಷ ಸೋಲುಂಡು ತಂಡವನ್ನು ಮೇಲಕ್ಕೆ ತಂದವರ ಪಾಲಿದೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹನ್ನೆರಡನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ ತಂಡವೊಂದು ಒಂದೇ ಬೇಸಿಗೆಯಲ್ಲಿ ಏರುವುದಿಲ್ಲ. ಪದಕವನ್ನು ಕೊರಳಿಗೆ ಹಾಕಿಕೊಂಡವರಲ್ಲಿ ಅನೇಕರು ಶಿಬಿರದಲ್ಲಿ ಸುನಿಲ್ ಅವರ ಓಟದ ಹಿಂದೆ ಓಡಿ ಕಲಿತವರು. ಎರಡು ತಿಂಗಳೊಳಗೆ ಸುನಿಲ್ ನಿವೃತ್ತಿ ಘೋಷಿಸಿದರು.

ಅಲ್ಲಿಗೆ ಮುಗಿಯಬೇಕಿದ್ದ ಕಥೆ ಇನ್ನೊಂದಿಷ್ಟು ಮುಂದುವರಿಯಿತು. ನನಗೆ ಬಹಳ ಪ್ರಿಯವಾದ ಭಾಗ ಇದು. 2022ರ ಮೇ ತಿಂಗಳಲ್ಲಿ ಜಕಾರ್ತಾದಲ್ಲಿ ಏಷ್ಯಾ ಕಪ್. ಹಿರಿಯ ತಂಡಕ್ಕೆ ಬೇರೆ ಪಂದ್ಯಗಳಿದ್ದುದರಿಂದ ಭಾರತ ಹೊಸಬರ ತಂಡ ಕಳಿಸಿತು. ತರಬೇತುದಾರ ಸರ್ದಾರ್ ಸಿಂಗ್. ಹುಡುಗರ ಜೊತೆ ನಿಲ್ಲಲು ಕೆಲವು ಹಿರಿಯರು ಬೇಕಾಗಿದ್ದರು. ನಿವೃತ್ತಿಯಾಗಿದ್ದ ಬೀರೇಂದ್ರ ಲಾಕ್ರಾ ನಾಯಕರಾಗಿ, ಸುನಿಲ್ ಉಪನಾಯಕರಾಗಿ ಮರಳಿ ಬಂದರು. ಮೂವತ್ತಮೂರರ ಸುನಿಲ್ ಅವರ ಸುತ್ತ ಇದ್ದವರಲ್ಲಿ ಹಲವರಿಗೆ ಅದು ಮೊದಲ ಅಂತರರಾಷ್ಟ್ರೀಯ ಟೂರ್ನಿ. ಸುನಿಲ್ ಆಡಲು ಶುರುಮಾಡಿದಾಗ ಈ ಹುಡುಗರಲ್ಲಿ ಕೆಲವರು ಒಂದನೆಯ, ಎರಡನೆಯ ತರಗತಿಯಲ್ಲಿದ್ದರು. ತನಗೆ ಇನ್ನು ಗೆಲ್ಲಬೇಕಾದದ್ದು ಏನೂ ಉಳಿದಿಲ್ಲದ ಟೂರ್ನಿಗೆ, ಬಿಟ್ಟ ಶೂ ಮತ್ತೆ ಕಟ್ಟಿಕೊಂಡು, ಹುಡುಗರ ವೇಗಕ್ಕೆ ಮೈ ಒಡ್ಡಿಕೊಂಡು ಹೋಗುವುದು ಸಣ್ಣ ಕೆಲಸವಲ್ಲ.

ಮೇ 23ರಂದು ಮೊದಲ ಪಂದ್ಯ, ಪಾಕಿಸ್ತಾನದೆದುರು. 1-1ರಲ್ಲಿ ಮುಗಿಯಿತು. ಭಾರತದ ಆ ಗೋಲು ಹೊಡೆದವನು ತಮಿಳುನಾಡಿನ ಅರಿಯಲೂರಿನ ಕಾರ್ತಿ ಸೆಲ್ವಂ, ಮೊದಲ ಸಲ ಭಾರತದ ಪರ ಇಳಿದಿದ್ದ ಫಾರ್ವರ್ಡ್. ಜೂನ್ 1ರಂದು ಮೂರನೆಯ ಸ್ಥಾನದ ಪಂದ್ಯದಲ್ಲಿ ಜಪಾನನ್ನು 1-0ರಿಂದ ಸೋಲಿಸಿ ಆ ಹುಡುಗರ ತಂಡ ಕಂಚು ಗೆದ್ದಿತು. ಗೋಲು ರಾಜ್‌ಕುಮಾರ್ ಪಾಲ್ ಅವರದು.